ಲಕ್ಕಿ ಗಿಡದ ಬರಲು ಹಿಡಿದು ಹೋಮರ್ ಓದಿದ್ದು

ನನ್ನ ಗ್ರೀಕ್ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇತ್ತು. ಎಡಗಡೆ ಹದಿನಾಲ್ಕು ಹಳೆಯ ಗ್ರೀಕ್ ಪದಗಳು. ಬಲಗಡೆ ಇಂಗ್ಲಿಷ್ ಅರ್ಥ: ಬೈಂಡ್, ಟೈ, ಫಾಸನ್, ಬಂಡಲ್, ಮತ್ತೆ ಬೈಂಡ್. ಭಾನುವಾರ ಉರು ಹೊಡೆಯುತ್ತಿದ್ದೆ, ಬುಧವಾರದ ಹೊತ್ತಿಗೆ ಮರೆತಿರುತ್ತಿದ್ದೆ. ಹದಿನಾಲ್ಕೂ ಒಂದೇ ಥರ ಕಾಣುತ್ತಿದ್ದವು.

ದಾರಿ ತೋರಿಸಿದ್ದು ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ 18ನೇ ಕಾಂಡ. ವೀರ ಅಕಿಲೀಸನ ಗುರಾಣಿಯ ಮೇಲೆ ದೇವರ ಕಮ್ಮಾರ ಒಂದು ಕೊಯ್ಲಿನ ಹೊಲ ಬಿಡಿಸಿದ್ದಾನೆ. ಕುಡುಗೋಲು ಹಿಡಿದವರು ಕೊಯ್ದು ಸಾಲಿಗೆ ಹಾಕುತ್ತಾ ಹೋಗುತ್ತಾರೆ. ಹುಡುಗರು ಅದನ್ನು ತೋಳ ತುಂಬ ಬಾಚಿಕೊಂಡು ಬಂದು ಕೊಡುತ್ತಾರೆ. ಮೂವರು ನಿಂತು ಕಟ್ಟುತ್ತಾರೆ. ಇಲ್ಲಿ ಕೈಗೆ ಬಂದ ಹಿಡಿ ‘ದ್ರಾಗ್ಮ’. ಕಟ್ಟುವವನು ‘ಅಮಲ್ಲೊದೆತೇರ್’, ಅಂದರೆ ಅಮಲ್ಲ (ಕಂತೆ) ಕಟ್ಟುವವನು. ಕಟ್ಟಲು ಬಳಸುವ ಹುಲ್ಲಿನ ಹುರಿ ‘ಎಲ್ಲೆದನೊಸ್’. ಓದುತ್ತಾ ಓದುತ್ತಾ ನನಗೆ ನಮ್ಮ ರಾಗಿ ಹೊಲ ಕಣ್ಣಿಗೆ ಬಂತು. ಕೊಯ್ದು ಹಾಕಿದ ಅರಿ, ಅದನ್ನು ಸೇರಿಸಿ ಕಟ್ಟಿದ ಸಿವುಡು. ಈ ಪದಗಳಿಗೆ ಇಂಗ್ಲಿಷ್ ಯಾಕೆ ಬೇಕು ಅನ್ನಿಸಿತು.

ಅವತ್ತೇ ಆ ಪುಟ ಹೊಸದಾಗಿ ಬರೆದೆ. ಒಂದು ಕಡೆ ಲಿಡೆಲ್–ಸ್ಕಾಟ್ ಗ್ರೀಕ್ ನಿಘಂಟು, ಇನ್ನೊಂದು ಕಡೆ 1894ರ ಕಿಟ್ಟೆಲ್. ದ್ರಾಗ್ಮಕ್ಕೆ ‘ಅರಿ’, ಅಮಲ್ಲಕ್ಕೆ ‘ಸಿವುಡು’. ಎರಡೂ ಮತ್ತೆ ಮರೆಯಲಿಲ್ಲ. ಇನ್ನೊಂದು ಸಂಗತಿಯೂ ಸಿಕ್ಕಿತು. ದ್ರಾಗ್ಮದ ಒಡಹುಟ್ಟು ‘ದ್ರಖ್ಮೆ’, ಅಂದರೆ ಗ್ರೀಕರ ನಾಣ್ಯ. ನಾಣ್ಯ ಬರುವ ಮುಂಚೆ ಅದು ಕೈಗೆ ಹಿಡಿಯುವಷ್ಟು ಕಬ್ಬಿಣದ ಸಲಾಕೆ, ಆರು ಸಲಾಕೆಗೆ ಒಂದು ಹಿಡಿ. ಆ ಪದವೇ ನಡೆದು ಬಂದು ಸಂಸ್ಕೃತದಲ್ಲಿ ದ್ರಮ್ಮ ಆಯಿತು. ನಮ್ಮ ಹಳೆಯ ಶಾಸನಗಳಲ್ಲೂ ದ್ರಮ್ಮ ಲೆಕ್ಕದಲ್ಲಿ ದತ್ತಿ ಬಿಟ್ಟ ಮಾತು ಬರುತ್ತದೆ. ಹೊಲದ ಹಿಡಿಯಿಂದ ಹೊರಟದ್ದು ಎಲ್ಲಿಗೆ ಬಂತು ನೋಡಿ!

ಪುಟದಲ್ಲಿದ್ದ ಕಟ್ಟುವ ಪದಗಳಲ್ಲಿ ದೊಡ್ಡದು ‘ದೆಓ’, ಕಟ್ಟುತ್ತೇನೆ ಎಂದು. ಕನ್ನಡದ ‘ಕಟ್ಟು’ ಥರ ಅದು ಎಲ್ಲ ಕಡೆ ಹೋಗುವುದಿಲ್ಲ. ಗ್ರೀಕರು ಮನೆಯನ್ನು ದೆಓ ಮಾಡುವುದಿಲ್ಲ, ಹೂವನ್ನೂ ಅಷ್ಟೆ, ಹೂಮಾಲೆಗೆ ‘ಹೆಣೆ’ ಅನ್ನುವ ಬೇರೆ ಪದ ಇದೆ. ಆದರೆ ದೆಓದ ಮಕ್ಕಳು ಜಾಸ್ತಿ. ಕಾಲ ಕೆಳಗೆ ಕಟ್ಟಿದ್ದು ‘ಹುಪೊದೇಮ’, ಕೆರ. ತಲೆ ಸುತ್ತ ಕಟ್ಟಿದ್ದು ‘ದಿಯಾದೇಮ’, ರಾಜರ ಪಟ್ಟಿ. ನಮ್ಮಲ್ಲೂ ಪಟ್ಟ ‘ಕಟ್ಟು’ವುದೇ ಅಲ್ವಾ! ತಲೆಯ ಮೇಲೆ ಹೊದೆಯುವ ಸೆರಗು ‘ಕ್ರೇದೆಮ್ನೊನ್’. ಹೋಮರ್ ಇದೇ ಪದವನ್ನು ಟ್ರಾಯ್ ಊರಿನ ಕೋಟೆಯ ತಲೆಗೂ ಬಳಸುತ್ತಾನೆ. ಕೋಟೆ ಬಿತ್ತು ಅಂದರೆ ಊರಿನ ಸೆರಗು ಜಾರಿದ ಹಾಗೆ. ಈ ಒಂದು ಪದಕ್ಕಾಗಿ ನಾನು ಎರಡು ದಿನ ಬೇರೇನೂ ಓದಲಿಲ್ಲ.

ದೆಓದಲ್ಲಿ ನಾನು ಎಡವಿದ್ದೂ ಉಂಟು. ಅದೇ ರೂಪದ ಇನ್ನೊಂದು ದೆಓ ಇದೆ, ಅದರ ಅರ್ಥ ‘ಕೊರತೆಯಾಗು’. ‘ಬೇಕು’ ಎನ್ನುವ ‘ದೆಯ್’ ಅದರ ಕಡೆಯದು. ತಿಂಗಳುಗಟ್ಟಲೆ ಎರಡನ್ನೂ ಬೆರೆಸಿ, ‘ಹೋಗಬೇಕು’ ಎಂದಿದ್ದಲ್ಲಿ ಯಾರನ್ನೋ ಕಟ್ಟಿಹಾಕಿ ಅನುವಾದ ಮಾಡಿದ್ದೇನೆ. ಕೊನೆಗೆ ಭೂತಕಾಲ ಹಿಡಿದುಕೊಂಡೆ. ಕಟ್ಟಿದರೆ ‘ಎದೇಸ’, ಕೊರತೆಯಾದರೆ ‘ಎದೆಏಸ’. ನಡುವಿನ ಒಂದು ಎಕಾರ ಸಾಕು.

ನನಗೆ ಬಹಳ ಖುಷಿ ಕೊಟ್ಟ ಪದ ‘ಲುಗೊಸ್’. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ 9ನೇ ಕಾಂಡದಲ್ಲಿ, ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಒಡಿಸ್ಯೂಸ್ ಒಕ್ಕಣ್ಣ ರಾಕ್ಷಸನ ಗವಿಯಿಂದ ತಪ್ಪಿಸಿಕೊಳ್ಳಬೇಕು. ಮೂರು ಮೂರು ಟಗರುಗಳನ್ನು ಸದ್ದಿಲ್ಲದೆ ಜೋಡಿಸಿ ಕಟ್ಟುತ್ತಾನೆ, ನಡುವಿನ ಟಗರಿನ ಹೊಟ್ಟೆಗೆ ಒಬ್ಬ ಮನುಷ್ಯ. ಕಟ್ಟಲು ಹಗ್ಗ ಎಲ್ಲಿಂದ ಬರಬೇಕು? ಆ ರಾಕ್ಷಸ ಹಾಸಿ ಮಲಗುತ್ತಿದ್ದ ಲುಗೊಸ್ ಬರಲುಗಳಿಂದಲೇ, ಅಂದರೆ ಅದರ ಎಳೆ ಕಡ್ಡಿಗಳಿಂದಲೇ ಕಟ್ಟುತ್ತಾನೆ. ‘ಚೆನ್ನಾಗಿ ಹೊಸೆದ’ ಬರಲು ಎಂದು ಕವಿ ಒಂದು ವಿಶೇಷಣ ಸೇರಿಸುತ್ತಾನೆ. ಲುಗೊಸ್ ಅಂದರೆ ಮೆಡಿಟರೇನಿಯನ್ ಸೀಮೆಯ ಒಂದು ಪೊದೆ, ನಮ್ಮ ಲಕ್ಕಿ ಗಿಡದ ಹತ್ತಿರದ ನೆಂಟ. ಎರಡೂ ವೈಟೆಕ್ಸ್ ಜಾತಿಯವು.

ಲಕ್ಕಿ ನಮ್ಮ ಹೊಲದ ಬದುವಿನಲ್ಲೇ ಇದೆ. ಬೆರಳಿಗಿಂತ ಸಣ್ಣ ಎಳೆ ಬರಲು ನಾಲ್ಕು ಕೊಯ್ದೆ. ಸುಮ್ನೆ ಬಗ್ಗಿಸಿದೆ, ಮೊದಲನೆಯದು ಲಟಕ್ಕಂತ ಮುರಿಯಿತು. ಎರಡನೆಯದರ ಬುಡವನ್ನು ಕಾಲಲ್ಲಿ ಮೆಟ್ಟಿ, ತುದಿಯಿಂದ ಹೊಸೆಯುತ್ತಾ ಬಂದೆ. ಒಳಗಿನ ನಾರು ಚಿಟಚಿಟ ಅಂತ ಬಿಟ್ಟುಕೊಂಡಿತು, ತೊಗಟೆ ಸುಲಿಯಿತು, ಆಮೇಲೆ ಬರಲು ಹಗ್ಗದ ಹಾಗೆ ಸುತ್ತಿಕೊಂಡಿತು. ಗೇಟಿನ ಕಂಬಕ್ಕೆ ಕಟ್ಟಿ ಎಳೆದೆ, ಜಗ್ಗಲಿಲ್ಲ. ಕೈಯೆಲ್ಲ ಲಕ್ಕಿ ಘಾಟು. ಕವಿ ‘ಹೊಸೆದ’ ಎಂದದ್ದು ಸಾಲು ತುಂಬಲು ಅಂದುಕೊಂಡಿದ್ದೆ. ಹೊಸೆಯದಿದ್ದರೆ ಬರಲು ನಿಲ್ಲುವುದೇ ಇಲ್ಲ!

ಮಿಕ್ಕವು ಬೇಗ ಬಂದವು. ಸೌದೆ ಹೊರೆ ‘ಫಾಕೆಲೊಸ್’, ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಲ್ಲಿ ಇದೆ. ಇವತ್ತಿನ ಗ್ರೀಕಿನಲ್ಲಿ ಅದೇ ಪದಕ್ಕೆ ಲಕೋಟೆ, ಕಚೇರಿಯ ಕಡತ ಎಂಬ ಅರ್ಥ. ‘ಕತಾದೆಸ್ಮೊಸ್’ ಮಾಟದ ಕಟ್ಟು. ಸೀಸದ ತಗಡಿನ ಮೇಲೆ ಎದುರಾಳಿಯ ಹೆಸರು ಕೊರೆದು, ಅವನ ನಾಲಿಗೆ ಕಟ್ಟುತ್ತೇನೆ ಎಂದು ಬರೆದು, ಮಡಿಸಿ ಹೂಳುತ್ತಿದ್ದರು. ಅಥೆನ್ಸಿನ ಕೆರಮೈಕೊಸ್ ಸ್ಮಶಾನದಲ್ಲಿ ಇಂಥ ತಗಡುಗಳು ಸಿಕ್ಕಿವೆ. ಕೋರ್ಟಿನಲ್ಲಿ ಎದುರಾಳಿಯ ಬಾಯಿ ಕಟ್ಟಿಸುವುದು ಎಂದರೆ ನಮ್ಮವರಿಗೆ ಬೇರೆ ವಿವರಣೆ ಬೇಡ. ಗಂಟು ‘ಹಮ್ಮ’. ಕ್ರಿ.ಪೂ. 513ರ ಸುಮಾರಿಗೆ ಪರ್ಷಿಯದ ರಾಜ ಡರಾಯಸ್ ಡ್ಯಾನ್ಯೂಬ್ ನದಿ ದಾಟಿ ಹೋಗುವಾಗ, ಸೇತುವೆ ಕಾಯುವವರ ಕೈಗೆ 60 ಗಂಟು ಹಾಕಿದ ತೊಗಲಿನ ವಾರು ಕೊಟ್ಟನಂತೆ. ದಿನಕ್ಕೊಂದು ಬಿಚ್ಚಿ, ಗಂಟು ಮುಗಿದರೂ ನಾನು ಬರದಿದ್ದರೆ ನೀವು ಊರಿಗೆ ಹೊರಡಿ, ಎಂದು.

ಪುಟದ ಕೊನೆಗೆ ಉಳಿದದ್ದು ‘ದೆಸ್ಮೊಸ್’. ಬೇಡಿ, ಬಂಧನ, ಕಟ್ಟು, ಎಲ್ಲವೂ ಹೌದು. ಆದರೆ ಒಡಿಸ್ಸಿಯ 8ನೇ ಕಾಂಡದಲ್ಲಿ ಅದು ಗಂಟು. ಒಡಿಸ್ಯೂಸನಿಗೆ ಉಡುಗೊರೆ ತುಂಬಿದ ಪೆಟ್ಟಿಗೆ ಕೊಟ್ಟ, ಅವನು ಅತಿಥಿಯಾಗಿದ್ದ ನಾಡಿನ ರಾಣಿ ಅರೇತೆ, ಮುಚ್ಚಳ ನೋಡಿಕೋ, ಬೇಗ ಗಂಟು ಹಾಕು, ಹಡಗಿನಲ್ಲಿ ನಿನಗೆ ನಿದ್ದೆ ಬಂದಾಗ ಯಾರಾದರೂ ಕದ್ದಾರು, ಎನ್ನುತ್ತಾಳೆ. ಅವನು ಮಾಟಗಾತಿ ಕಿರ್ಕೆ ಕಲಿಸಿದ ತೊಡಕಿನ ಗಂಟು ಹಾಕುತ್ತಾನೆ. ಹಿಂದೊಮ್ಮೆ ಅವನು ಹಡಗಿನಲ್ಲಿ ನಿದ್ದೆ ಹೋದಾಗ, ಗಾಳಿ ತುಂಬಿ ಬೆಳ್ಳಿ ದಾರದಿಂದ ಕಟ್ಟಿದ್ದ ಚೀಲವನ್ನು ಅವನ ಜೊತೆಗಾರರೇ ಬಿಚ್ಚಿದ್ದರು. ಊರಿನ ಬೆಂಕಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದ ಹಡಗು ಗಾಳಿಗೆ ಸಿಕ್ಕಿ ವಾಪಸ್ ಹೋಗಿತ್ತು. ರಾಣಿಗೆ ಆ ಕಥೆ ಇನ್ನೂ ಗೊತ್ತಿಲ್ಲ. ಅವನು ಮರುಮಾತಾಡದೆ ಮುಚ್ಚಳ ಹಾಕಿ ಬಿಗಿಯುತ್ತಾನೆ.