ಸೊಂಟ ಅಳೆಯಲು ಒಂದು ದಾರ ಸಾಕು

ನಿಮ್ಮ ಎತ್ತರದಷ್ಟು ಹಿಗ್ಗದ ದಾರ ತಗೊಂಡು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಅರ್ಧವನ್ನು ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆ ಕರಗಿಸಬೇಕು ಎಂದರ್ಥ. ಯಕೃತ್ತು, ಕರುಳಿನ ಸುತ್ತ ಸೇರುವ ಕೊಬ್ಬು ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರಿಸಿ ಹೃದಯಕ್ಕೆ ಹೊರೆಯಾಗುತ್ತದೆ. ತೂಕದ ಯಂತ್ರ ಅದನ್ನು ಬೇರೆಯಾಗಿ ತೋರಿಸುವುದಿಲ್ಲ. ಪ್ಯಾಂಟ್ ಸೈಜ್ ನಂಬಬೇಡಿ, ಹೆಚ್ಚಿನವರು ಅದನ್ನು ಹೊಟ್ಟೆಯ ಕೆಳಗೇ ಕಟ್ಟುತ್ತಾರೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಟ್ಟನಡುವೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದರೆ ಲೆಕ್ಕ ಸುಳ್ಳು. ಎತ್ತರದವರಿಗೆ ದಾರ ಸ್ವಲ್ಪ ಉದಾರಿ: ಟೇಪಿನಲ್ಲಿ ಗಂಡಸರು 90, ಹೆಂಗಸರು 80 ಸೆಂ.ಮೀ. ಒಳಗಿದ್ದಾರಾ ಎಂದೂ ನೋಡಿ, ಭಾರತೀಯರಿಗೆ ಇಟ್ಟಿರುವ ಗಡಿ ಅದು. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಬೆನ್ನು ಬಾಗಿ ಕುಗ್ಗಿದ ಹಿರಿಯರಿಗೆ ಈ ಉಪಾಯ ಹೊಂದದು. ಅಳತೆ ಮೀರಿದ್ದರೆ ಬರೀ ಸಿಟಪ್ಸ್ ಹೊಡೆದು ಪ್ರಯೋಜನವಿಲ್ಲ, ಅದು ಸ್ನಾಯು ಗಟ್ಟಿ ಮಾಡುತ್ತದೆ ಅಷ್ಟೆ. ಅನ್ನ ಒಂದು ಸೌಟು ಇಳಿಸಿ, ಆ ಜಾಗಕ್ಕೆ ಪಲ್ಯ, ಕೋಸಂಬರಿ ಹಾಕಿಕೊಳ್ಳಿ. ಕಾಫಿ, ಟೀ ಸಕ್ಕರೆಯಲ್ಲಿ ಅರ್ಧ ಕಳೆಯಿರಿ. ವಾರಕ್ಕೆ ಒಟ್ಟು 150 ನಿಮಿಷವಾದರೂ ಬಿರುಸಾಗಿ ನಡೆಯಿರಿ. ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ಅಳೆದರೆ ಕಾಣುವುದು ಗ್ಯಾಸಿನ ಏರಿಳಿತವೇ.