ಮೊದಲು ತಾಳ, ಆಮೇಲೆ ಪದ

ನಾನು ಹಾಡುವವಳಲ್ಲ, ಕೇಳುವವಳು. ರಾಮನವಮಿ ಬಂದರೆ ಬೆಂಗಳೂರಿನ ಚಾಮರಾಜಪೇಟೆಯ ಸಂಗೀತದ ಪೆಂಡಾಲಿನಲ್ಲೇ ನನ್ನ ಸಂಜೆಗಳು. ಮೊದಲ ವರ್ಷ ಕರ್ನಾಟಕ ಸಂಗೀತದ ಪದಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದು ಉರು ಹೊಡೆದುಕೊಂಡು ಹೋಗಿದ್ದೆ. ಕಚೇರಿ ಶುರುವಾದ ಮೇಲೆ ಒಂದೂ ನೆರವಿಗೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಪುಸ್ತಕ ಮುಚ್ಚಿಡಮ್ಮ, ಮೊದಲು ತಾಳ ಹಾಕು" ಅಂದರು. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ.

ಆದಿತಾಳದಿಂದ ಆರಂಭಿಸಿ. ತೊಡೆಯ ಮೇಲೆ ಒಂದು ಪೆಟ್ಟು, ಬಳಿಕ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಎಣಿಸಿ. ತಾಳದ ಒಂದೊಂದು ಎಣಿಕೆಗೂ ಅಕ್ಷರ ಅನ್ನುತ್ತಾರೆ; ಈ 4 ಅಕ್ಷರ ಸೇರಿ ಲಘು. ಆಮೇಲೆ ಒಂದು ಪೆಟ್ಟು, ಕೈ ಮಗುಚಿ ಒಂದು ಹುಸಿ: ಇದು ದ್ರುತ. ಅಂಥದೇ ಇನ್ನೊಂದು ದ್ರುತ ಹಾಕಿದರೆ 8 ಅಕ್ಷರದ ಒಂದು ಆವರ್ತ ಮುಗಿಯಿತು. ಆವರ್ತದ ಮೊದಲ ಪೆಟ್ಟು ಬೀಳುವ ಜಾಗವೇ ಸಮ. ಹಾಡು ಸಮದಲ್ಲೇ ಹುಟ್ಟಬೇಕೆಂದಿಲ್ಲ; ಅದನ್ನು ಎತ್ತಿಕೊಳ್ಳುವ ಜಾಗಕ್ಕೆ ಎಡುಪು ಅನ್ನುತ್ತಾರೆ. ಒಂದು ವಾರ ಇಷ್ಟೇ ಸಾಕು. ಕುಕ್ಕರ್ ಕೂಗುವವರೆಗೆ ಅಡುಗೆಮನೆಯಲ್ಲಿ ನಿಂತು ನಾನು ಹಾಕಿದ ಆವರ್ತಗಳಿಗೆ ಲೆಕ್ಕವಿಲ್ಲ.

ನಂತರ ಒಂದೇ ಕೃತಿ ಹಿಡಿಯಿರಿ. ಮುತ್ತುಸ್ವಾಮಿ ದೀಕ್ಷಿತರ 'ವಾತಾಪಿ ಗಣಪತಿಂ' ಒಳ್ಳೆಯದು: ಹಂಸಧ್ವನಿ ರಾಗ, ಆದಿತಾಳ. ಪಲ್ಲವಿಯ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಒಂದಿಷ್ಟು ಬೆಳೆದಿರುತ್ತದೆ. ಆ ಒಂದೊಂದು ಬೆಳವಣಿಗೆಯೂ ಒಂದು ಸಂಗತಿ. ನಾವು ಮನೆಯಲ್ಲಿ 'ಏನು ಸಂಗತಿ' ಅನ್ನುತ್ತೇವಲ್ಲ, ಅದಲ್ಲ. ಸಂಗತಿಗಳು ಪಾಠದಲ್ಲೇ ಬಂದಿರುವಂಥವು. ನೆರವಲ್ ಹಾಗಲ್ಲ: ಒಂದು ಸಾಲಿನ ಸಾಹಿತ್ಯವನ್ನು ಇಟ್ಟುಕೊಂಡು ಗಾಯಕರು ಆಗಿಂದಾಗ ರಾಗ ಬೆಳೆಸುತ್ತಾರೆ. ಸಾಹಿತ್ಯ ಬಿಟ್ಟು ಸರಿಗಮದಲ್ಲೇ ಹಾಡಿ ಎಡುಪಿಗೆ ಮರಳಿದರೆ ಕಲ್ಪನಾಸ್ವರ.

ರಾಗ ಗುರುತಿಸಲು ಜೋಡಿ ಮಾಡಿ ಕೇಳಿ. ಹಂಸಧ್ವನಿಯ ಸ್ವರಗಳು ಸರಿಗಪನಿ, ಮೋಹನ ರಾಗದವು ಸರಿಗಪದ. ಬದಲಾದದ್ದು ಒಂದೇ ಸ್ವರ, ಆದರೆ ರಾಗದ ಮುಖವೇ ಬೇರೆ.

ತನಿ ಆವರ್ತನ ಬಂದಾಗ ದಯವಿಟ್ಟು ಕಾಫಿಗೆ ಏಳಬೇಡಿ. ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ಆ ಹೊತ್ತಿನಲ್ಲಿ ಹಾಡಿನ ಆಸರೆ ಇಲ್ಲ, ನಿಮ್ಮ ಕೈಯೇ ಆಸರೆ. ಕೊನೆಯ ಮುಕ್ತಾಯವನ್ನು, ಅಂದರೆ ತನಿಯನ್ನು ಮುಗಿಸುವ ನುಡಿಕಟ್ಟನ್ನು, ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೂರನೆಯದು ಮುಗಿಯುವಾಗ ನಿಮ್ಮ ಬೆರಳೆಣಿಕೆಯೂ ಎಡುಪಿಗೆ ಬಂದು, ಗಾಯಕರು ಅಲ್ಲೇ ಸಾಲನ್ನು ಎತ್ತಿಕೊಂಡರೆ, ಎಣಿಕೆ ಸರಿಯಾಗಿದೆ.