ಅನುಮತಿಯಿಲ್ಲದ ಕುದುರೆ ಸಂತಾನ, ಸುಳ್ಳು ನೋಂದಣಿ: ವ್ಯಾಜ್ಯ ಹೂಡುವ ಮುನ್ನ

ತಮ್ಮ ಗಂಡುಕುದುರೆಯನ್ನು ಕೇಳದೆ ತಳಿಗೆ ಬಳಸಿಕೊಂಡಿದ್ದಾರೆ, ಹುಟ್ಟಿದ ಮರಿಗೆ ಬೇರೊಂದು ಕುದುರೆಯನ್ನು ತಂದೆಯೆಂದು ಬರೆಸಿದ್ದಾರೆ ಎಂಬ ಅನುಮಾನ ಬಂದ ಕೂಡಲೇ ಮಾಲೀಕರು ಡಿಎನ್‌ಎ ಪರೀಕ್ಷೆಯ ಮಾತೆತ್ತುತ್ತಾರೆ. ಪರೀಕ್ಷೆ ಬೇಕೇ ಬೇಕು; ಆದರೆ ಅದು ಹೇಳುವುದು ಮರಿಯ ತಂದೆತಾಯಿ ಯಾರು ಎಂಬುದನ್ನಷ್ಟೇ. ಒಪ್ಪಿಗೆ ಇತ್ತೇ, ಮರಿ ಯಾರ ಸ್ವತ್ತು ಎಂಬ ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಕಾಗದಪತ್ರಗಳಲ್ಲಿ. ಈ ಮೂರನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಂಡ ಮೇಲೆಯೇ ವಕೀಲರನ್ನು ಕಾಣುವುದು ಒಳ್ಳೆಯದು.

ಮೊದಲು ಒಪ್ಪಂದವನ್ನು ತೆಗೆದು ಓದಿ. ಎಷ್ಟು ಹೆಣ್ಣುಕುದುರೆಗಳಿಗೆ, ಯಾವ ಅವಧಿಯವರೆಗೆ ಅನುಮತಿ ಇತ್ತು, ಬಳಸದೆ ಉಳಿದ ವೀರ್ಯವನ್ನು ಏನು ಮಾಡಬೇಕಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ವೀರ್ಯ ಕುದುರೆ ಸತ್ತ ಎಷ್ಟೋ ವರ್ಷಗಳ ನಂತರವೂ ಉಪಯೋಗಕ್ಕೆ ಬರುವುದರಿಂದ, ವೀರ್ಯ ತುಂಬಿಟ್ಟ ಸಣ್ಣ ಕೊಳವೆಗಳಾದ ಸ್ಟ್ರಾಗಳ ದಾಸ್ತಾನು ಪುಸ್ತಕವನ್ನು ಒಂದೊಂದಾಗಿ ತಾಳೆ ನೋಡಬೇಕು. ಓಟದ ಪಂದ್ಯಗಳ ಥರೋಬ್ರೆಡ್ ತಳಿಯಲ್ಲಂತೂ ಸಹಜ ಸಮಾಗಮದಿಂದ ಹುಟ್ಟಿದ ಮರಿಗೆ ಮಾತ್ರ ನೋಂದಣಿ ಉಂಟು; ಕೃತಕ ಗರ್ಭಧಾರಣೆ ನಡೆದಿದೆಯೆಂದು ಸಾಬೀತಾದರೆ ತಂದೆ ಯಾರೇ ಆಗಿರಲಿ, ಆ ನೋಂದಣಿ ನಿಲ್ಲುವುದಿಲ್ಲ.

ಇನ್ನು ದಿನಾಂಕಗಳು. ಸುಳ್ಳು ದಾಖಲೆ ಬಹಳ ಸಲ ಸಿಕ್ಕಿಬೀಳುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಕುದುರೆಯ ಗಬ್ಬದ ಅವಧಿ ಸುಮಾರು 340 ದಿನ. ಕೆಲವು ವಾರ ಹಿಂದುಮುಂದಾಗುವುದು ಸಾಮಾನ್ಯ. ಮಾರ್ಚ್ 10ರಂದು ಹುಟ್ಟಿದ ಮರಿಯ ಲೆಕ್ಕ ಹಿಂದಿನ ವರ್ಷದ ಏಪ್ರಿಲ್ ಮೊದಲ ವಾರದ ಆಸುಪಾಸಿಗೆ ಹೋಗುತ್ತದೆ. ಪ್ರಮಾಣಪತ್ರದಲ್ಲಿ ಸಮಾಗಮದ ದಿನ ಜೂನ್ 20 ಎಂದಿದ್ದರೆ ಮಧ್ಯೆ ಉಳಿಯುವುದು 263 ದಿನ. ಅಷ್ಟು ಬೇಗ ಹುಟ್ಟಿದ ಮರಿ ಬದುಕುಳಿಯುವುದಿಲ್ಲ. ನಿಮ್ಮೆದುರಿನ ಮರಿ ಲಾಯದಲ್ಲಿ ನೆಗೆದಾಡುತ್ತಿದ್ದರೆ ಆ ದಿನಾಂಕವೇ ಸುಳ್ಳು. ಪಶುವೈದ್ಯರ ಸ್ಕ್ಯಾನಿಂಗ್ ವರದಿ, ಸಾಗಣೆಯ ರಸೀದಿ, ಲಾಯದ ದಿನಚರಿ ಇವುಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಡಿಎನ್‌ಎ ಮಾದರಿಯನ್ನು ನೀವೇ ತೆಗೆಯಲು ಹೋಗಬೇಡಿ. ಎರಡೂ ಕಡೆಯವರ ಸಮ್ಮುಖದಲ್ಲಿ ಯಾರ ಪಕ್ಷಕ್ಕೂ ಸೇರದ ಪಶುವೈದ್ಯರು ಮೊದಲು ಕುತ್ತಿಗೆಯಲ್ಲಿರುವ ಮೈಕ್ರೋಚಿಪ್‌ನ 15 ಅಂಕಿಗಳನ್ನು ಓದಿ ಬರೆದುಕೊಳ್ಳಬೇಕು. ಆಮೇಲೆ ಕೇಸರದಿಂದಲೋ ಬಾಲದಿಂದಲೋ 20ರಿಂದ 30 ಕೂದಲನ್ನು ಬೇರುಸಹಿತ ಕಿತ್ತು, ಲಕೋಟೆಗೆ ಹಾಕಿ, ಮೊಹರು ಮಾಡಿ, ಎಲ್ಲರ ಸಹಿ ಪಡೆಯಬೇಕು. ಕತ್ತರಿಸಿದ ಕೂದಲು ಈ ಪರೀಕ್ಷೆಗೆ ಬರುವುದಿಲ್ಲ, ಬೇಕಾದುದು ಬುಡ. ಭ್ರೂಣ ವರ್ಗಾವಣೆ, ಅಂದರೆ ಒಂದು ಕುದುರೆಯ ಭ್ರೂಣವನ್ನು ಇನ್ನೊಂದರ ಗರ್ಭದಲ್ಲಿಡುವುದು, ನಡೆದಿದ್ದರೆ ಹೆತ್ತ ಕುದುರೆಯೇ ಡಿಎನ್‌ಎ ಪ್ರಕಾರ ತಾಯಿ ಆಗಿರುವುದಿಲ್ಲವಾದ್ದರಿಂದ, ತಾಯಿಯೆಂದು ದಾಖಲೆಯಲ್ಲಿರುವ ಕುದುರೆಯ ಮಾದರಿಯನ್ನೂ ಕೇಳಿ ಪಡೆಯಿರಿ.

ಅಷ್ಟರಲ್ಲಿ ಕುದುರೆಯೇ ಕಣ್ಮರೆಯಾಗದಂತೆ ನೋಡಿಕೊಳ್ಳಬೇಕು. ಮೂರು ವರ್ಷದ ಕುದುರೆಗಳಿಗಷ್ಟೇ ಮೀಸಲಾದ ಇಂಗ್ಲೆಂಡಿನ ಓಟ ಎಪ್ಸಮ್ ಡರ್ಬಿಯಲ್ಲಿ 1844ರಲ್ಲಿ ಮೊದಲು ಬಂದ ರನ್ನಿಂಗ್ ರೈನ್ ಎಂಬ ಕುದುರೆ ಮೂರು ವರ್ಷದ್ದಲ್ಲ, ಮಕಬೀಯಸ್ ಎಂಬ ನಾಲ್ಕು ವರ್ಷದ ಕುದುರೆ ಎಂಬ ಆರೋಪ ನ್ಯಾಯಾಲಯಕ್ಕೆ ಹೋಯಿತು. ಕುದುರೆಯ ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತಿತ್ತು; ನ್ಯಾಯಾಧೀಶ ಆಲ್ಡರ್ಸನ್ ಕುದುರೆಯನ್ನೇ ಹಾಜರುಪಡಿಸಿ ಎಂದರು. ಅದು ಸಿಗಲೇ ಇಲ್ಲ, ದಾವೆ ಅಲ್ಲಿಗೇ ಮುಗಿಯಿತು, ಗೆಲುವು ಎರಡನೆಯದಾಗಿ ಬಂದ ಆರ್ಲ್ಯಾಂಡೊಗೆ ಸಂದಿತು. ಆದ್ದರಿಂದ ದಾವೆಯ ಜೊತೆಗೇ ಮರಿಯನ್ನು ಮಾರಬಾರದು, ಸಾಗಿಸಬಾರದು, ತಳಿಗೆ ಬಳಸಬಾರದು ಎಂಬ ತಾತ್ಕಾಲಿಕ ತಡೆಯಾಜ್ಞೆ ಕೋರಿ, ಕುದುರೆಗಳ ವಂಶಾವಳಿಯನ್ನು ನೋಂದಾಯಿಸುವ ಸ್ಟಡ್‌ಬುಕ್ ಪ್ರಾಧಿಕಾರಕ್ಕೂ ಲಿಖಿತ ಆಕ್ಷೇಪಣೆ ಕೊಡಿ.

ಏನು ಕೇಳಬೇಕೆಂಬುದನ್ನೂ ಅಳೆದು ಕೇಳಿ. ಬೇರೆ ಒಪ್ಪಂದವಿಲ್ಲದಿದ್ದರೆ ಮರಿ ತಾಯಿಕುದುರೆಯ ಮಾಲೀಕನದು ಎಂಬುದು ರೋಮನ್ ಕಾನೂನಿನ ಕಾಲದಿಂದಲೂ ಬಂದ ನಿಯಮ. ಗಂಡುಕುದುರೆಯ ಮಾಲೀಕರು ಮರಿಯನ್ನೇ ಬೇಡುವುದಕ್ಕಿಂತ ಸಂತಾನ ಶುಲ್ಕ, ನಷ್ಟಪರಿಹಾರ, ದಾಖಲೆಯ ತಿದ್ದುಪಡಿ ಕೇಳುವುದು ಗಟ್ಟಿ ನೆಲೆ. ಫೋರ್ಜರಿ ಆಗಿದ್ದರೆ ಅದಕ್ಕೆ ಬೇರೆಯೇ ಕ್ರಿಮಿನಲ್ ದೂರು. ಮರಿ ಆಗಲೇ ಮಾರಾಟವಾಗಿದ್ದರೆ, ಏನೂ ಅರಿಯದೆ ಕೊಂಡವರನ್ನು ಆರೋಪಿಯಂತೆ ಕಾಣದೆ ಮೊದಲ ನೋಟಿಸಿನಲ್ಲೇ ವಿಷಯ ತಿಳಿಸಿ: ಮಾರಿದವರು ಕೊಟ್ಟ ಮೂಲ ಕಾಗದ ಇರುವುದು ಅವರ ಕೈಯಲ್ಲಿ.